ಬಲ್ಗೇರಿಯಾದ ತಂಗಿಗೆ ಪಂಚಮಿ ಉಂಡಿ

ನಮ್ಮ ಮುತ್ತಜ್ಜ ಬಸವಂತರಾಯ ನಿಜಾಮರ ಕಾಲದಲ್ಲಿ ತುಂಬಿದ ಭೀಮಾ ಹೊಳೆಯನ್ನು ಎಮ್ಮೆಯ ಬಾಲ ಹಿಡಿದು ದಾಟಿದವನು. ಆಚೆ ದಂಡೆಯ ನೆಲೋಗಿಗೆ ಕೊಟ್ಟ ತಂಗಿಯನ್ನು ನಾಗರ ಪಂಚಮಿಗೆ ತವರಿಗೆ ಕರೆತರಬೇಕಿತ್ತು. ಹೊಳೆ ಎರಡೂ ದಂಡೆ ತಿನ್ನುತ್ತ ಹರಿಯುತ್ತಿತ್ತು, ಅಂಬಿಗ ಹುಟ್ಟು ಬಚ್ಚಿಟ್ಟು ಮಲಗಿಬಿಟ್ಟಿದ್ದ. ಮುತ್ತಜ್ಜ ನೀರಿಗಿಳಿದೇಬಿಟ್ಟ. ಈ ಕಥೆಯನ್ನು ನಮ್ಮ ಮನೆಯಲ್ಲಿ ಮಕ್ಕಳಿಗೆ ಹಾಲಿನ ಜೊತೆ ಕುಡಿಸುತ್ತಾರೆ. ಆ ಎಮ್ಮೆ ನೆಲೋಗಿಯ ಸಂತೆಯಲ್ಲಿ ಹೊಸದಾಗಿ ಕೊಂಡದ್ದು, ಅದು ತನ್ನ ಕರುವನ್ನು ನೆನೆದು ಹೊರಟಿತ್ತು, ಮುತ್ತಜ್ಜ ಅದನ್ನು ಹಿಂದಕ್ಕೆಳೆಯಲು ಬಾಲ ಹಿಡಿದಿದ್ದ ಎಂದು ಊರಿನಲ್ಲಿ ಕೆಲವರು ಹೇಳುತ್ತಾರೆ. ಹೇಳಲಿ. ದಾಟಿದ್ದಂತೂ ನಿಜ.

ಅಜ್ಜ ಗುರುಶಾಂತ ಅತನೂರಿಗೆ ಮೊದಲ ಗ್ಯಾಸ್‌ಬತ್ತಿ ತಂದವನು. ಗಾಡಿಯ ಕುಲುಕಾಟಕ್ಕೆ ಗಾಜು ಒಡೆದೀತೆಂದು ಕಲಬುರಗಿಯಿಂದ ತಲೆಯ ಮೇಲೆ ಹೊತ್ತು ನಡೆದೇ ಬಂದ. ಅಲ್ಲಿಯತನಕ ನಮ್ಮೂರ ನಾಟಕಗಳು ಪಂಜಿನ ಬೆಳಕಿನಲ್ಲಿ ನಡೆಯುತ್ತಿದ್ದವು. ಗ್ಯಾಸ್‌ಬತ್ತಿ ಹಚ್ಚಿದ ಮೊದಲ ಆಟದಲ್ಲಿ ಜನ ಪಾತ್ರಧಾರಿಗಳ ಮುಖವನ್ನು ಸರಿಯಾಗಿ ಕಂಡರು, ಅರ್ಧಕ್ಕೇ ಎದ್ದು ಮನೆಗೆ ಹೋದರು. ಅಜ್ಜನ ಎಡಮೀಸೆ ಸುಟ್ಟದ್ದೂ ಅಂದೇ.

ಅಪ್ಪ ಸಿದ್ರಾಮಪ್ಪ ಹೆಣ್ಣುಪಾತ್ರಕ್ಕೆ ಹೆಸರಾದವನು. ಅಂದೋಲಾದ ಸಾಹುಕಾರನೊಬ್ಬ ಆಟ ನೋಡಿ ಮಾರನೆಯ ದಿನ ಹೆಣ್ಣು ಕೇಳಲು ನಮ್ಮ ಮನೆಗೆ ಬಂದ. ಬಾಗಿಲಲ್ಲಿ ಅಪ್ಪ ನನ್ನನ್ನು ಬಗಲಲ್ಲಿ ಎತ್ತಿಕೊಂಡು ಬೀಡಿ ಸೇದುತ್ತ ನಿಂತಿದ್ದ. ಸಾಹುಕಾರ ಬೀಡಿಯನ್ನೊಮ್ಮೆ, ಕೂಸನ್ನೊಮ್ಮೆ ನೋಡಿ, "ತಂಗ್ಯಾರು ಯಾರರ ಅದಾರೇನು?" ಎಂದು ಕೇಳಿದನಂತೆ.

ಇಂಥ ವಂಶದಲ್ಲಿ ಹುಟ್ಟಿ, ಅಜ್ಜನ ಹೆಸರನ್ನೇ ಹೊತ್ತ ನಾನು, ರಂಗದ ಮೇಲೆ ಒಂದೇ ಸಲ ಬಾಯಿಬಿಟ್ಟವನು. ಭಲ್ಲೆ ಹಿಡಿದ ಕಾವಲುಗಾರನ ಪಾತ್ರ. "ಮಹಾರಾಜರಿಗೆ ಜಯವಾಗಲಿ, ದೂತ ಬಂದಿದ್ದಾನೆ" ಎನ್ನಬೇಕಿತ್ತು. "ದೂತನಿಗೆ ಜಯವಾಗಲಿ, ಮಹಾರಾಜರು ಬಂದಿದ್ದಾರೆ" ಎಂದುಬಿಟ್ಟೆ. ಸಿಂಹಾಸನದ ಮೇಲಿದ್ದ ಮಹಾರಾಜ ಗಾಬರಿಯಾಗಿ ಎದ್ದು ನಿಂತು ಕೈಮುಗಿದ. ಮುಂದೆ ನನ್ನನ್ನು ಪರದೆ ಎಳೆಯುವ ಕೆಲಸಕ್ಕೆ ಹಾಕಿದರು. ಅಲ್ಲಿ ಮಾತು ಬೇಕಿರಲಿಲ್ಲ.

ಶಾಲೆ ನನ್ನನ್ನು ನಾಲ್ಕನೇ ಇಯತ್ತೆಗೇ ಬಿಟ್ಟಿತು. ಮುಂದಿನದನ್ನೆಲ್ಲ ನಾನೇ ಕಲಿತೆ. ಕಿರಾಣಿ ಅಂಗಡಿಯ ಪೊಟ್ಟಣದ ಕಾಗದ, ಬಸ್ಸಿನ ಬೋರ್ಡು, ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರು ನನ್ನ ಮಾಸ್ತರರು. ಪೊಟ್ಟಣದಲ್ಲಿ ಸಿಗುವ ಕಥೆ ನಡುವಿನಿಂದ ಶುರುವಾಗಿ, ಕೊನೆ ಮುಟ್ಟುವ ಮೊದಲೇ ಹರಿದಿರುತ್ತದೆ. ಹಾಗಾಗಿ ಜಗತ್ತಿನ ಎಲ್ಲ ಸಂಗತಿಗಳ ನಡುಭಾಗ ನನಗೆ ಚೆನ್ನಾಗಿ ಗೊತ್ತು.

ಈ ಪೋಸ್ಟರುಗಳಲ್ಲೇ ನಾನು ಮಿಲೆನಾಳನ್ನು ಮೊದಲು ಓದಿದ್ದು. ಬಲ್ಗೇರಿಯಾ ದೇಶದವಳು. ಕುಣಿಯುವವರ ತಂಡದ ಜೊತೆ ಮುಂಬಯಿಯ ಯಾವುದೋ ದೊಡ್ಡ ಹೋಟೆಲಿಗೆ ಬಂದವಳನ್ನು ಸಿನಿಮಾದವರು ಹಿಡಿದು ನಿಲ್ಲಿಸಿದರು. ಮೊದಮೊದಲು ನಾಯಕನ ಬೆನ್ನ ಹಿಂದೆ ಕುಣಿಯುವ ಸಾಲಿನಲ್ಲಿದ್ದಳು. ಆಮೇಲೆ ಖಳನಾಯಕನ ತೋಳಿನಲ್ಲಿ ಗ್ಲಾಸು ಹಿಡಿದು ನಗುವ ಹೆಂಗಸಾದಳು. ಅಂಥ ಹೆಂಗಸರು ಮಧ್ಯಂತರಕ್ಕೆ ಮೊದಲೇ ಗುಂಡು ತಿಂದು ಸಾಯಬೇಕೆಂಬುದು ಆಗಿನ ಸಿನಿಮಾದ ಕಟ್ಟಳೆ. ಮಿಲೆನಾ ಹಿಂದಿಯಲ್ಲಿ ಸತ್ತಳು, ತೆಲುಗಿನಲ್ಲಿ ಸತ್ತಳು, ತಮಿಳಿನಲ್ಲಿ ಬೆಟ್ಟದಿಂದ ಬಿದ್ದು ಸತ್ತಳು. ಎಲ್ಲ ಕಡೆಯೂ ಬೇರೆ ಯಾರದೋ ದನಿಯಲ್ಲಿ ಚೀರಿ ಸತ್ತಳು, ಏಕೆಂದರೆ ಅವಳಿಗೆ ಯಾವ ಭಾಷೆಯೂ ಬರುತ್ತಿರಲಿಲ್ಲ.

ಇಂಥವಳು ಕನ್ನಡ ಸಿನಿಮಾವೊಂದರ ನಾಯಕಿಯಾಗಿ ಅತನೂರಿಗೆ ಬಂದಳು. ಕಥೆಯಲ್ಲಿ ಅವಳು ಪಾದ್ರಿಯೊಬ್ಬರ ಅನಾಥ ಮಗಳು, ಹಳ್ಳಿಯ ಶರಣರ ಮನೆಯಲ್ಲಿ ಬೆಳೆದವಳು. ಶರಣರ ಮನೆಗಾಗಿ ನಿರ್ದೇಶಕ ಅಫಜಲಪುರ, ಜೇವರ್ಗಿ, ಆಳಂದ ಎಲ್ಲ ಸುತ್ತಿ ಕೊನೆಗೆ ನಮ್ಮ ಮನೆಯ ಮುಂದೆ ನಿಂತು, "ಇಂಥಾ ಮನೆ ಕಟ್ಟಿಸ್ತೀನಿ ಅಂದ್ರೂ ಆಗಲ್ಲ" ಎಂದ. ನಾನು ಎದೆಯುಬ್ಬಿಸಿದೆ. ನನ್ನ ಹೆಂಡತಿ ರೇವಮ್ಮ ಒಳಗಿನಿಂದಲೇ ಹೇಳಿದಳು:

"ಗ್ವಾಡಿ ಬಿದ್ದದ್ದು ನೋಡಿ ಅನ್ನಾಕತ್ತಾನ. ಉಬ್ಬಬ್ಯಾಡ್ರಿ."

ಇತರ ಸಿನಿಮಾಗಳ ಹಾಗೆ ಇದರಲ್ಲೂ ಬೇರೆಯವರ ದನಿ ಹಾಕುತ್ತೇವೆ ಎಂದರು. ಮಿಲೆನಾ ಒಪ್ಪಲಿಲ್ಲ. ಒಂದು ಸಲವಾದರೂ ಪರದೆಯ ಮೇಲೆ ನನ್ನ ಬಾಯಿಂದ ನನ್ನದೇ ಮಾತು ಬರಬೇಕು ಎಂದು ಹಟ ಹಿಡಿದಳಂತೆ. ಕನ್ನಡ ಕಲಿಸಲು ಬೆಂಗಳೂರಿನಿಂದ ಒಬ್ಬ ಮೇಷ್ಟ್ರು ಬಂದಿದ್ದರು. ನಮ್ಮ ಬಿಸಿಲಿಗೆ ಅವರು ಮೂರ್ಛೆ ಹೋದ ಮೇಲೆ ಮಿಲೆನಾ ತಾನಾಗಿ ನಮ್ಮ ಅಡುಗೆಮನೆಗೆ ಬಂದು, ರೊಟ್ಟಿ ಬಡಿಯುತ್ತಿದ್ದ ರೇವಮ್ಮನ ಎದುರು ಕುಕ್ಕರಗಾಲಲ್ಲಿ ಕೂತಳು. ರೇವಮ್ಮ ಹಿಟ್ಟು ತೋರಿಸಿ "ಹಿಟ್ಟ" ಎಂದಳು, ಹೆಂಚು ತೋರಿಸಿ "ಹಂಚ" ಎಂದಳು, ನನ್ನನ್ನು ತೋರಿಸಿ ಏನೋ ಹೇಳಿದಳು. ಇಬ್ಬರೂ ನಕ್ಕರು. ಏನು ಹೇಳಿದಳೆಂದು ಈ ತನಕ ತಿಳಿದಿಲ್ಲ.

ಅಡುಗೆಮನೆಯಲ್ಲಿ ಮಿಲೆನಾಗೆ ಒಂದೇ ಕೆಟ್ಟ ಚಟವಿತ್ತು. ನೀರು ಕೊಟ್ಟರೆ ಥ್ಯಾಂಕ್ಸ್, ರೊಟ್ಟಿ ಕೊಟ್ಟರೆ ಥ್ಯಾಂಕ್ಸ್, ಮಣೆ ಸರಿಸಿದರೂ ಥ್ಯಾಂಕ್ಸ್. ರೇವಮ್ಮನಿಗೆ ತಲೆ ಕೆಟ್ಟಿತು.

"ಏನ್ಬೇ ಇದು? ಮನಿಮಗಳು ಮನ್ಯಾಗ ಥ್ಯಾಂಕ್ಸ್ ಅಂದ್ರ ಆ ಮನಿ ಪರರದು ಆಗ್ತದ. ತಿನ್ನೂದು, ಸುಮ್ಮನ ಇರೂದು. ತಿಳೀತೇನು?"

"ತಿಳೀತ್ರಿ, ವೈನಿ" ಎಂದಳು ಮಿಲೆನಾ. ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಎನ್ನುತ್ತಾರೆ. ಆ ಮಾತನ್ನೂ ರೇವಮ್ಮನೇ ಕಲಿಸಿದ್ದು. ಇನ್ನೂ ಅಣ್ಣನೇ ಹುಟ್ಟಿರಲಿಲ್ಲ, ಆಗಲೇ ವೈನಿ ತಯಾರಾಗಿದ್ದಳು.

ಅಣ್ಣ ಹುಟ್ಟಿದ್ದು ಹೀಗೆ. ನಾಯಕಿ ಗಂಡನ ಮನೆಗೆ ಹೊರಡುವ ದೃಶ್ಯ ತೆಗೆಯುತ್ತಿದ್ದರು. ನಮ್ಮ ಪಡಸಾಲೆಯಲ್ಲಿ ದೀಪ, ಕ್ಯಾಮರಾ, ಕಾಲಿಡಲು ಜಾಗವಿಲ್ಲದಷ್ಟು ವೈರು. ತಾಯಿಯ ಪಾತ್ರದವಳು ಮಗಳ ಉಡಿ ತುಂಬಬೇಕು. ಮನೆಯ ಹೆಣ್ಣುಮಗಳನ್ನು ಕಳಿಸುವಾಗ ಅವಳ ಸೆರಗಿನ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಅರಿಶಿನಬೇರು, ಉತ್ತತ್ತಿ, ಕುಬಸ ಹೊಲಿಸುವ ಬಟ್ಟೆಯಾದ ಖಣ ಇಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಊರ ಹೆಂಗಸರನ್ನು ಹಿಂದೆ ಸುಮ್ಮನೆ ನಿಲ್ಲಿಸಿದ್ದರು. ಆ ಗುಂಪಿನಲ್ಲಿದ್ದ ರೇವಮ್ಮ ಅಕ್ಕಿ ಕೇರುವ ಮರದಲ್ಲಿಟ್ಟಿದ್ದ ಸಾಮಾನು ನೋಡಿದಳು. ತೆಂಗಿನಕಾಯಿ ಪ್ಲಾಸ್ಟಿಕ್ಕಿನದು. ಅಕ್ಕಿ ಥರ್ಮಾಕೋಲಿನದು.

ನಾನು ಅವಳ ಮುಖ ನೋಡಿದೆ. ನನ್ನ ಮದುವೆಯಾದಾಗಿನಿಂದ ಆ ಮುಖ ಬಲ್ಲೆ. ಪರದೆ ಎಳೆಯಬೇಕೆನಿಸಿತು, ಪರದೆ ಇರಲಿಲ್ಲ.

"ಆ್ಯಕ್ಷನ್" ಎಂದ ನಿರ್ದೇಶಕ. ತಾಯಿ ಪಾತ್ರದವಳು ಮರ ಎತ್ತುವಷ್ಟರಲ್ಲಿ ರೇವಮ್ಮ ನಮ್ಮ ದೇವರ ಜಗಲಿಯಿಂದ ನಿಜವಾದ ಕಾಯಿ, ನಮ್ಮ ಡಬ್ಬಿಯ ಅಕ್ಕಿ, ತನ್ನ ಟ್ರಂಕಿನ ಹಸಿರು ಇಳಕಲ್ ಖಣ ತಂದು ಅವಳನ್ನು ಪಕ್ಕಕ್ಕೆ ನೂಕಿ ನಿಂತಿದ್ದಳು.

"ಕಟ್! ಕಟ್! ಯಾರ್ರೀ ಆಕೆ?"

"ನಾ ಈ ಮನಿ ಸೊಸಿ. ಕಟ್ ನಿಮ್ಮ ಮಿಷನ್ನಿಗಿ ಮಾಡ್ಕೋರಿ. ಸುಳ್ಳು ಉಡಿ ಈ ಮನ್ಯಾಗ ತುಂಬೂಹಂಗಿಲ್ಲ, ಖರೇ ಉಡಿ ನಡುವ ಬಿಡೂಹಂಗಿಲ್ಲ."

ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಹಿಂದಿದ್ದ ಹೆಂಗಸರು ತಡೆಯಲಾರದೆ ಸೋಬಾನದ ಹಾಡು ಎತ್ತಿದರು. ಮಿಲೆನಾ ಕಣ್ಣು ಪಿಳುಕಿಸುತ್ತ ಸೆರಗು ಹಿಡಿದು ನಿಂತಿದ್ದಳು. ಮುಗಿದ ಮೇಲೆ, ಹೀಗೆಂದರೇನು ಎಂದು ನಿರ್ದೇಶಕನ ಸಹಾಯಕಿ ಸುನಿತಾಳನ್ನು ಕೇಳಿದಳು. ಸುನಿತಾ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಮಿಲೆನಾ ತುಂಬಿದ ಉಡಿ ಚೆಲ್ಲದಂತೆ ಒಂದು ಕೈಯಲ್ಲಿ ಹಿಡಿದು ಬಗ್ಗಿ ರೇವಮ್ಮನ ಕಾಲು ಮುಟ್ಟಿದಳು. ಕ್ಯಾಮರಾದವನು ನಿಲ್ಲಿಸುವುದನ್ನೇ ಮರೆತಿದ್ದ.

ರೇವಮ್ಮ ನನ್ನ ಕಡೆ ತಿರುಗಿದಳು. "ಇನ್ನ ಈಕಿ ಈ ಮನಿಮಗಳಾದ್ಳು. ಪಂಚಮಿಗಿ ಕರ್ಯಾಕ ಹೋಗೂದು ನಿಮ್ಮ ಪಾಳಿ."

ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮದುವೆಯಲ್ಲೂ ಕೇಳಿರಲಿಲ್ಲ.

ಸಿನಿಮಾ ಕಲಬುರಗಿಯ ಟಾಕೀಸಿಗೆ ಬಂದಾಗ ಊರೆಲ್ಲ ಟ್ರಾಕ್ಟರ್ ಮಾಡಿಕೊಂಡು ಹೋದೆವು. ಆ ಉಡಿಯ ದೃಶ್ಯವನ್ನು ನಿರ್ದೇಶಕ ಹಾಗೆಯೇ ಇಟ್ಟಿದ್ದ. ಮೂಲೆಯಲ್ಲಿ ನನ್ನ ಮೊಣಕೈ ಕಂಡಿತು. ಅದು ನನ್ನದೇ ಎಂದು ನಾನು ಇವತ್ತಿಗೂ ಸಾಧಿಸುತ್ತೇನೆ. ಅದಕ್ಕಿಂತ ದೊಡ್ಡ ಸಂಗತಿ ಬೇರೆ. ಮಿಲೆನಾ ಬಾಯಿಬಿಟ್ಟಳು, ಟಾಕೀಸಿನ ತುಂಬ ಸಿಳ್ಳೆಯೋ ಸಿಳ್ಳೆ. ಅವಳು ಮಾತಾಡಿದ್ದು ನಮ್ಮ ಮಾತು, ರೇವಮ್ಮನ ಒಲೆಯ ಮುಂದಿನ ಮಾತು. ಅಲ್ಲಿಯತನಕ ನಮ್ಮ ಕಡೆಯ ಮಾತನ್ನು ಸಿನಿಮಾದಲ್ಲಿ ಕುಡುಕನ ಬಾಯಲ್ಲಿ, ಆಳುಮಗನ ಬಾಯಲ್ಲಿ, ನಗಿಸಲು ಬರುವವನ ಬಾಯಲ್ಲಿ ಕೇಳಿದ್ದೆವು. ನಾಯಕಿಯ ಬಾಯಲ್ಲಿ, ಅತ್ತರೂ ಯಾರೂ ನಗದ ಹಾಗೆ ಕೇಳಿದ್ದು ನಾನಂತೂ ಅದೇ ಮೊದಲು. ಅದನ್ನು ನಮಗೆ ಕೇಳಿಸಲು ಬಲ್ಗೇರಿಯಾದವಳು ಬರಬೇಕಾಯಿತು. ಬೆಂಗಳೂರಿನ ಪತ್ರಿಕೆಯೊಂದು ನಾಯಕಿಯ ಕನ್ನಡ ಅರ್ಥವಾಗಲಿಲ್ಲ ಎಂದು ಬರೆಯಿತು. ಆ ಕಾಗದ ನನಗೆ ಬೆಲ್ಲದ ಪೊಟ್ಟಣವಾಗಿ ಸಿಕ್ಕಿತು. ಬೆಲ್ಲ ತಿಂದು ಕಾಗದ ಎಸೆದೆ.

ಬಸ್‌ನಿಲ್ದಾಣದ ಪಕ್ಕದ ಗಂಗೂಬಾಯಿಯ ಚಾದಂಗಡಿಯಲ್ಲಿ ಈ ವಿಷಯಕ್ಕೆ ಬಹಳ ವಾದ ನಡೆಯಿತು.

"ನಮ್ಮ ಹೆಣ್ಣುಮಕ್ಕಳು ಸತ್ತಾರೇನು? ಹೊರದೇಶದಾಕಿ ಬಂದು ಇಳಕಲ್ ಸೀರಿ ಉಟ್ರ ನೀವು ಸೀಟಿ ಹೊಡೀತೀರಿ" ಎಂದಳು ಗಂಗೂಬಾಯಿ, ಚಾ ಸೋಸುತ್ತ.

"ನಮ್ಮ ಹೆಣ್ಣುಮಕ್ಕಳಿಗಿ ಸಿನಿಮಾದಾಗ ನಮ್ಮ ಮಾತು ಆಡ್ಲಿಕ್ಕಿ ಬಿಟ್ರ ಅವರೂ ಆಡ್ತಾರ. ಬಿಡಬೇಕಲ್ಲ" ಎಂದೆ ನಾನು, ಸಿನಿಮಾ ಪಂಡಿತನ ಹಾಗೆ.

"ಹಂಗಾರ ನಿನ್ನ ತಂಗಿಗಿ ಹೇಳು, ಮುಂದಿನ ಸಿನಿಮಾದಾಗ ನನಗೂ ಒಂದು ಪಾರ್ಟ್ ಕೊಡಸು ಅಂತ. ಚಾ ಮಾರೂ ಪಾರ್ಟ್ ಬ್ಯಾಡ, ಅದು ದಿನಾ ಮಾಡ್ತೇನಿ."

ಗಂಗೂಬಾಯಿಯ ಮಾತಿನಲ್ಲಿ ಹುರುಳಿತ್ತು. ಆಮೇಲೆ ಬೇರೆ ದೇಶದ ಎಷ್ಟೋ ಹುಡುಗಿಯರು ನಮ್ಮ ಸಿನಿಮಾಗಳಿಗೆ ಬಂದರು. ಬಣ್ಣ ನೋಡಿ ಕರೆತಂದು, ಕುಣಿಸಿ ಕಳಿಸಿದವರೇ ಹೆಚ್ಚು. ಆದರೆ ಮಿಲೆನಾ ತೆಲುಗಿಗೆ ಹೋದಾಗ ತೆಲುಗು ಕಲಿತಳು, ಹಿಂದಿಯಲ್ಲಿ ತನ್ನದೇ ದನಿ ಕೊಟ್ಟಳು. ಭಾಷೆ ಬಾರದಿದ್ದರೆ ನಡೆಯುತ್ತದೆ ಎನ್ನುವ ಮಾತನ್ನು ಅವಳ ಎದುರು ಯಾವ ನಿರ್ಮಾಪಕನೂ ಎತ್ತುವಂತಿರಲಿಲ್ಲವಂತೆ. ಸಾಯುವುದನ್ನು ಮಾತ್ರ ಪೂರ್ತಿ ಬಿಡಲಿಲ್ಲ. ಅವಳು ಪರದೆಯ ಮೇಲೆ ಸತ್ತಾಗಲೆಲ್ಲ ರೇವಮ್ಮ ಮನೆಗೆ ಬಂದು ತಲೆಮೇಲೆ ನೀರು ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದಳು. "ಸುಳ್ಳೇ ಸತ್ರೂ ಮನಿಮಗಳು ಮನಿಮಗಳೇ" ಎನ್ನುತ್ತಿದ್ದಳು. ನನಗೂ ತಣ್ಣೀರೇ ಗತಿ.

ಇನ್ನು ಪಂಚಮಿ. ಕರೆತರಲು ಆಗದಿದ್ದರೆ ಅಣ್ಣನಾದವನು ಉಂಡಿ, ಕುಬಸದ ಖಣ ಹೊತ್ತು ತಂಗಿಯ ಮನೆಗೆ ಮುಟ್ಟಿಸಬೇಕು. ಆಳಿನ ಕೈಲಿ ಕಳಿಸಿದರೆ ಅದು ಪಂಚಮಿ ಅಲ್ಲ, ಬರೀ ಫರಾಳದ ತಿಂಡಿ. ಮೊದಲ ವರ್ಷ ನಾನು ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಕಟ್ಟಿದ ಗಂಟು ಹೊತ್ತು, ತೆಲುಗಿಗೆ ಹೋಗಿ ಅವಳು ನೆಲೆಸಿದ್ದ ಹೈದರಾಬಾದಿನ ಸ್ಟುಡಿಯೋ ಹುಡುಕಿ ಹೋದೆ. ಗೇಟಿನಲ್ಲಿ ಕಾವಲುಗಾರ ತಡೆದು, ನನ್ನ ಮಾತಿನ ಧಾಟಿ ಕೇಳಿ ತಾನೂ ಕನ್ನಡಕ್ಕಿಳಿದ. ನನ್ನ ಪಾತ್ರವನ್ನು ಇನ್ನೊಬ್ಬ ಸರಿಯಾಗಿ ಮಾಡುವುದನ್ನು ಅಂದು ನೋಡಿದೆ.

"ಯಾರ್ ಬೇಕ್ರಿ?"

"ನಮ್ಮ ತಂಗಿ."

"ಹೆಸರೇನ್ರಿ?"

"ಮಿಲೆನಾ."

ಅವನು ನನ್ನ ಧೋತರ ನೋಡಿದ, ಹಣೆಯ ವಿಭೂತಿ ನೋಡಿದ, ಹೆಂಚಿನಂಥ ನನ್ನ ಬಣ್ಣ ನೋಡಿದ. "ಒಂದೇ ತಾಯಿ ಮಕ್ಕಳೇನ್ರಿ?" ಎಂದ.

ನಾನು ಉಡಿಯ ಕಥೆ ಹೇಳಿದೆ. ಅರ್ಧ ಕೇಳುವಷ್ಟರಲ್ಲೇ ಅವನ ಮುಖ ಅರಳಿತು. "ಅರೇ, ಯಾವೂರು ನಿಮ್ದು? ಅತನೂರೇನು? ನಂದು ಆಳಂದ್ರಿ! ಯಾಕೂಬಸಾಬ ಅಂತ." ಅವನ ಕೈಯಲ್ಲಿ ಒಳಗೆ ಬಿಡುವ ಅಧಿಕಾರವಿರಲಿಲ್ಲ. ಆದರೆ ಮಿಲೆನಾಳ ಕಾರು ಹೊರಬರುವಾಗ ತಾನೇ ಗಂಟು ಕೊಡುತ್ತೇನೆಂದು ಮಾತು ಕೊಟ್ಟ. ಏನು ಸಾಮಾನೆಂದು ತಪಾಸಣೆ ಮಾಡಬೇಕೆಂದು ಒಂದು ಶೇಂಗಾ ಉಂಡಿ ತಿಂದ. ಬಹಳ ಹೊತ್ತು ತಿಂದ.

ಅಂದಿನಿಂದ ಪ್ರತಿ ಪಂಚಮಿಗೂ ಇದೇ ನಡೆಯಿತು. ನಾನು ಗೇಟಿನತನಕ ಹೋಗುವುದು, ಯಾಕೂಬಸಾಬ ಗಂಟು ಇಸಗೊಳ್ಳುವುದು, ನಾನು ತಿರುಗಿ ಬಸ್ಸು ಹತ್ತುವುದು. ಮಿಲೆನಾಳಿಂದ ಒಂದು ಮಾತು ಬರಲಿಲ್ಲ. ಮುಟ್ಟಿತೆಂದಿಲ್ಲ, ಮುಟ್ಟಲಿಲ್ಲವೆಂದಿಲ್ಲ. ಊರವರಿಗೆ ಇದಕ್ಕಿಂತ ರುಚಿಯಾದ ಉಂಡಿ ಬೇಕೆ? ಪಕ್ಕದ ಮನೆಯ ಬೀರಣ್ಣ ನನ್ನ ಸರೀಕ, ಕುರಿ ಮೇಯಿಸಿ ಗಂಟಲು ದೊಡ್ಡದು ಮಾಡಿಕೊಂಡವನು. ನಾನು ಹೈದರಾಬಾದಿನಿಂದ ಬಂದು ಬಸ್ಸಿಳಿದರೆ ಸಾಕು, ಕಟ್ಟೆಯಿಂದಲೇ ಕೂಗುತ್ತಿದ್ದ:

"ಏ ಗುರುಶಾಂತ! ಆಳಂದ ಸಾಬ ಆರಾಮ ಅದಾನೇನೋ? ಈ ವರ್ಷ ದಪ್ಪ ಆಗ್ಯಾನೋ ಇಲ್ಲೋ?"

"ಉಂಡಿ ನನ್ನ ತಂಗಿಗಿ ಮುಟ್ಟ್ಯಾವಲೇ."

"ಮುಟ್ಟಿರಬೇಕು, ಮುಟ್ಟಿರಬೇಕು. ರೇವಮ್ಮನ ಉಂಡಿ ತಿಂದವ್ರು ಮಾತಾಡೂದು ಎಲ್ಲಿಂದ? ಹಲ್ಲು ಕೂಡಿ ಹೋಗಿರ್ತಾವ."

ರೇವಮ್ಮನ ಬೆಲ್ಲದ ಪಾಕ ಒಂದೆಳೆ ಹೆಚ್ಚೇ ಬರುತ್ತದೆ. ಇದನ್ನು ಬರೆಯಬಹುದು, ಅವಳ ಎದುರು ಓದಬಾರದು.

ನಗುನಗುತ್ತಲೇ ವರ್ಷಗಳು ಹೋದವು. ಆದರೆ ಬಸ್ಸಿನಲ್ಲಿ ಒಬ್ಬನೇ ಕೂತಾಗ ನನಗೂ ಅನಿಸುತ್ತಿತ್ತು. ಅವಳಿಗೆ ಅದೊಂದು ದಿನದ ಕೆಲಸ, ಬೆಳಕು ಆರಿಸಿದ ಮೇಲೆ ಮುಗಿದ ದೃಶ್ಯ. ನಾನು ಮಾತ್ರ ಪರದೆ ಬಿದ್ದ ಮೇಲೂ ಭಲ್ಲೆ ಹಿಡಿದು ನಿಂತಿದ್ದೇನೆಯೇ?

ಈ ವರ್ಷ ಆಷಾಢದಲ್ಲಿ ಗಂಗೂಬಾಯಿಯ ಟಿವಿಯಲ್ಲಿ ಮಿಲೆನಾ ಬಂದಳು. ಈಗ ಅವಳು ಸಿನಿಮಾಗಳಲ್ಲಿ ನಾಯಕನ ಅತ್ತೆಯಾಗುತ್ತಾಳೆ, ಸಾಯುವುದು ಕಡಿಮೆಯಾಗಿದೆ. ಇಷ್ಟು ಸಾಕು, ಶ್ರಾವಣ ಮುಗಿದ ಮೇಲೆ ನನ್ನ ದೇಶಕ್ಕೆ ಹೋಗುತ್ತೇನೆ, ನನ್ನ ತಾಯಿಗೆ ವಯಸ್ಸಾಗಿದೆ ಎಂದು ಹಿಂದಿಯಲ್ಲಿ ಹೇಳಿದಳು. ಅಂಗಡಿಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ಬೀರಣ್ಣ ನನ್ನ ಚಾದ ದುಡ್ಡನ್ನೂ ತಾನೇ ಕೊಟ್ಟ. ಅದೇ ನನಗೆ ಹೆಚ್ಚು ಚುಚ್ಚಿತು.

ಇದೊಂದೇ ಪಂಚಮಿ ಉಳಿದಿತ್ತು. ಅವಳು ವಿಮಾನ ಹತ್ತುವುದರೊಳಗೆ ಅವಳನ್ನು ಕಣ್ಣಾರೆ ಕಂಡು, ನಾನು ಅಣ್ಣ ಹೌದೋ ಅಲ್ಲವೋ ತಿಳಿಯದಿದ್ದರೆ ಉಳಿದ ಆಯುಷ್ಯವೆಲ್ಲ ಬೀರಣ್ಣನ ಕಟ್ಟೆಯ ಮುಂದೆ ತಲೆ ತಗ್ಗಿಸಿ ನಡೆಯಬೇಕು. ಯಾಕೂಬಸಾಬ ನೌಕರಿ ಮುಗಿಸಿ ಆಳಂದಕ್ಕೆ ಬಂದಿದ್ದ. ಮೊದಲು ಅವನಲ್ಲಿಗೆ ಹೋದೆ.

"ಖರೇ ಹೇಳು ಸಾಬ, ಉಂಡಿ ಕೊಟ್ಟಿಯೋ ಇಲ್ಲೋ?"

"ತೌಬಾ ತೌಬಾ!" ಅವನು ಎರಡೂ ಕೆನ್ನೆ ಮುಟ್ಟಿಕೊಂಡ. "ತಿಂದದ್ದು ಒಂದೇ ಒಂದು, ಅದೂ ನಿಮ್ಮ ಮುಂದ. ಈ ದವಡಿ ಇನ್ನೂ ನೆನಸ್ತದ. ಇನ್ನೊಂದು ತಿನ್ನೂ ಹಿಮ್ಮತ್ ನನಗೆಲ್ಲಿಂದ್ರಿ? ಅಮ್ಮಾವ್ರು ಕಾರಿನ ಗಿಲಾಸ ಇಳಿಸಿ ತಗೋತಿದ್ರು, ಗಿಲಾಸ ಏರಿಸ್ತಿದ್ರು. ಮುಂದಿಂದು ಅಲ್ಲಾಗ ಗೊತ್ತು."

"ಏನೂ ಅಂತಿದ್ದಿಲ್ಲೇನು?"

"ಏನೂ ಇಲ್ರಿ. ಥ್ಯಾಂಕ್ಸ್ ಸೈತ ಇಲ್ಲ. ನಾ ಗೇಟ್ ತೆಗದ್ರ ದಿನಾ ಥ್ಯಾಂಕ್ಸ್ ಅನ್ನೂ ಹೆಣ್ಣುಮಗಳು!"

ಗೇಟಿಗೆ ಥ್ಯಾಂಕ್ಸ್, ನನ್ನ ಗಂಟಿಗೆ ಇಲ್ಲ. ಯಾಕೂಬಸಾಬ ಅವಳ ಮನೆಯ ಗುರುತು ಹೇಳಿ, ಅಲ್ಲಿಯ ಕಾವಲುಗಾರನಿಗೆ ಫೋನು ಮಾಡಿ, "ನಮ್ಮ ಕಡಿ ಹಿರಿಯರು ಬರ್ತಾರ, ತಡೀಬ್ಯಾಡ" ಎಂದು ಹೇಳಿಟ್ಟ.

ಪಂಚಮಿಯ ಹಿಂದಿನ ದಿನ ರೇವಮ್ಮ ಗಂಟು ಕಟ್ಟಿ ಕೊಟ್ಟಳು. ಅವಳೂ ಬರುವಂತಿರಲಿಲ್ಲ. ಅವಳನ್ನು ಕರೆದೊಯ್ಯಲು ಅವಳ ತಮ್ಮ ನೆಲೋಗಿಯಿಂದ ಮೋಟರ್‌ಸೈಕ್ಲಿನಲ್ಲಿ ಬಂದು ಆಗಲೇ ಪಡಸಾಲೆಯಲ್ಲಿ ಕೂತಿದ್ದ. ಮೊಮ್ಮಕ್ಕಳನ್ನು ಕಂಡ ಹೆಂಗಸು ತವರಿನ ಗಾಡಿ ನೋಡಿದ ಕೂಡಲೇ ಹದಿನಾರರ ಹುಡುಗಿಯಾಗುತ್ತಾಳೆ. "ಪಿನ್ನಿಂದ ಹೋಗ್ರಿ" ಎಂದಳು. ನಿಧಾನವಾಗಿ ಹೋಗಿ ಎನ್ನಲು ಅವಳಿಗೆ ಅವಸರದಲ್ಲಿ ಅಷ್ಟೇ ಸಾಕಾಯಿತು.

ನನ್ನ ಮೊಣಕಾಲುಗಳು ಈಗ ಇಬ್ಬರು ಬೇರೆಯಾದ ದಾಯಾದಿಗಳ ಹಾಗೆ. ಒಂದು ಏಳು ಎಂದರೆ ಇನ್ನೊಂದು ಕೂರು ಎನ್ನುತ್ತದೆ. ಕಲಬುರಗಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಗಂಟನ್ನು ಡಿಕ್ಕಿಯಲ್ಲಿಡಲು ಕೇಳಿದ, ಕೊಡಲಿಲ್ಲ. ಹೈದರಾಬಾದಿನ ತನಕ ತೊಡೆಯ ಮೇಲೇ ಇಟ್ಟುಕೊಂಡು, ಅವಳ ಎದುರು ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಪುಸ್ತಕದ ಕನ್ನಡದಲ್ಲಿ, ತೂಕದ ಮಾತು. "ಸೋದರಿ, ನೀನು ಕ್ಷೇಮವೇ? ನಾವು ಕ್ಷೇಮವಾಗಿದ್ದೇವೆ" ಎಂದು ಅದರ ಆರಂಭ.

ದೊಡ್ಡ ಕಟ್ಟಡ. ಲಿಫ್ಟಿನವನು ಮೇಲೆ ಬಿಟ್ಟ. ಗಂಟೆ ಒತ್ತಿದೆ. ಅವಳೇ ಬಾಗಿಲು ತೆಗೆದಳು. ಕೂದಲು ಜೋಳದ ತೆನೆಯ ಬಣ್ಣದಿಂದ ಹತ್ತಿಯ ಬಣ್ಣಕ್ಕೆ ತಿರುಗಿತ್ತು. ಒಂದು ಗಳಿಗೆ ನನ್ನನ್ನು ನೋಡಿದಳು, ಗಂಟು ನೋಡಿದಳು.

"ಬರ್ರಿ ಅಣ್ಣಾ. ವೈನಿ ಬಂದಿಲ್ಲೇನ್ರಿ?"

ಬಾಯಿಪಾಠವೆಲ್ಲ ಹಾರಿಹೋಯಿತು. "ತಂಗಿ, ನಾ ಆರಾಮ ಅದೀಯಲ್ಲ? ನೀ ಆರಾಮ ಅದೇನಿ" ಎಂದೆ.

ಈ ಸಲವೂ ತಿರುಗಾಮುರುಗಾ. ಅವಳು ಬಾಗಿಲ ಚೌಕಟ್ಟು ಹಿಡಿದು ನಕ್ಕಳು. ನಗುವಾಗ ಒಂದು ಹಲ್ಲು ಉಳಿದವುಗಳಿಗಿಂತ ಬಿಳಿಯಾಗಿ ಹೊಳೆಯಿತು. ನಾನು ನೋಡಿದ್ದನ್ನು ಅವಳು ನೋಡಿದಳು.

"ಮೊದಲ ವರ್ಷದ್ದು. ಶೇಂಗಾ ಉಂಡಿ" ಎಂದಳು ಹಲ್ಲು ಮುಟ್ಟಿ. "ಕಡದೆ, ಕಟ್ ಅಂತು. ಹಲ್ಲಿನ ಡಾಕ್ಟರ್ ಕಡಿ ಹೋದೆ, ಅವತ್ತ ಶೂಟಿಂಗ್ ಬಂದ್. ಆಮ್ಯಾಲ ಪ್ರತಿ ವರ್ಷ ಹತೋಡಿಯಿಂದ ಒಡದು, ಹಾಲಿನ್ಯಾಗ ಹಾಕಿ ತಿನ್ನತೇನಿ."

ಭಾರತೀಯ ಚಿತ್ರರಂಗದ ಮೇಲೆ ನಮ್ಮ ಮನೆತನ ಬೀರಿದ ಪ್ರಭಾವದ ಬಗ್ಗೆ ಯಾರಾದರೂ ಬರೆಯುವುದಾದರೆ ಇಷ್ಟನ್ನು ಬರೆಯಬಹುದು: ಒಂದು ದಿನ ಶೂಟಿಂಗ್ ನಿಂತಿತ್ತು.

"ಮುಟ್ಟ್ಯಾವಂತ ಒಂದ್ ಮಾತ ಹೇಳಿ ಕಳಸಬೇಕಿಲ್ಲೇನ ತಂಗಿ? ಊರಾಗ ನನ್ನ ಮಾರಿ ಉಳೀಲಿಲ್ಲ."

ಅವಳಿಗೆ ಅಚ್ಚರಿಯಾಯಿತು. "ವೈನಿ ಬ್ಯಾಡಂದಾರಲ್ರಿ? ತವರಮನಿಗಿ ಥ್ಯಾಂಕ್ಸ್ ಅಂದ್ರ ಮನಿ ಪರರದು ಆಗ್ತದ. ತಿನ್ನೂದು, ಸುಮ್ಮನ ಇರೂದು. ನಾ ಸುಮ್ಮನ ಇದ್ದೆ."

ಇಷ್ಟು ವರ್ಷ ಅವಳು ರೇವಮ್ಮನ ಮಾತು ಪಾಲಿಸುತ್ತಿದ್ದಳು. ನಾನು ಇಷ್ಟು ವರ್ಷ ಅದೇ ರೇವಮ್ಮನ ಜೊತೆ ಬಾಳಿ, ಒಂದು ದಿನವೂ ಅವಳ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, ಅದಕ್ಕೇ ಈ ಉತ್ತರ ನನಗೆ ಹೊಳೆಯದೆ ಹೋಯಿತು.

"ಕೂಡ್ರಿ ಅಣ್ಣಾ" ಎಂದು ಸೋಫಾ ತೋರಿಸಿದಳು. ಕೂರಲು ಹೋದವನು ನಿಂತೆ. ಸೋಫಾದ ತುಂಬ ದಿಂಬುಗಳು. ಒಂದು ಹಸಿರು ಇಳಕಲ್ ಖಣದ್ದು, ಒಂದು ಕುಂಕುಮ ಬಣ್ಣದ್ದು, ಒಂದು ನವಿಲು ಬಣ್ಣದ್ದು. ಪ್ರತಿ ವರ್ಷ ಅಫಜಲಪುರದ ಬಟ್ಟೆ ಅಂಗಡಿಯಲ್ಲಿ ರೇವಮ್ಮ ನನ್ನನ್ನು ಬಿಸಿಲಲ್ಲಿ ನಿಲ್ಲಿಸಿ ಆರಿಸಿದ ಕುಬಸದ ಖಣಗಳೆಲ್ಲ ಅಲ್ಲಿ ಸಾಲಾಗಿ ಕೂತಿದ್ದವು. ಬಲ್ಗೇರಿಯಾದವಳಿಗೆ ಅದು ಗೌರವ. ನಮ್ಮಲ್ಲಿ ತಂಗಿಗೆ ಕೊಟ್ಟ ಕುಬಸದ ಮೇಲೆ ಅಣ್ಣ ಕೂರುವುದೆಂದರೆ ಬೀರಣ್ಣನಿಗೆ ಮುಂದಿನ ಮಳೆಗಾಲದವರೆಗೆ ಮಾತು. ಹೇಳಿದರೆ ಅವಳಿಗೆ ನೋವಾದೀತು. "ನೆಲಾನೇ ತಂಪ ಅದ" ಎಂದು ನೆಲದ ಮೇಲೆ ಕೂತೆ. ಅವಳೂ ಎದುರಿಗೆ ಕುಕ್ಕರಗಾಲಲ್ಲಿ ಕೂತಳು, ನಮ್ಮ ಒಲೆಯ ಮುಂದೆ ಕೂತ ಹಾಗೆ.

ಗಂಟು ಬಿಚ್ಚಿದಳು. ಒಂದು ಶೇಂಗಾ ಉಂಡಿಯನ್ನು ನೆಲಕ್ಕೆ ಕುಟ್ಟಿ ನೋಡಿದಳು. ಟೈಲ್ಸು ಒಡೆಯದಿದ್ದದ್ದು ಪುಣ್ಯ. "ಇವನ್ನ ವಿಮಾನದಾಗ ಬಿಡ್ತಾರೇನ್ರಿ? ಗುಂಡು ಅಂತಾರ" ಎಂದಳು. ಆಮೇಲೆ ಖಣ ಕೈಗೆತ್ತಿಕೊಂಡಳು. ಈ ವರ್ಷದ ಖಣ ಬೆಳ್ಳಿಯಂಚಿನ ಕಪ್ಪುಗೆಂಪು. ಅದನ್ನು ಮುಖಕ್ಕೆ ಒತ್ತಿಕೊಂಡಳು. "ಅತನೂರದ ಟ್ರಂಕಿನ ವಾಸನಿ" ಎಂದಳು. ಬಸ್ಸಿನ ಡೀಸೆಲ್ ವಾಸನೆಯೂ ಇತ್ತು, ನಾನು ಹೇಳಲಿಲ್ಲ.

ಹೊತ್ತಾಯಿತು. ಏಳಲು ಹೋದೆ. ಎಡಗಾಲು ಎದ್ದಿತು, ಬಲಗಾಲು ಬರುವುದಿಲ್ಲವೆಂದಿತು. ಎರಡು ಸಲ ಕೂತೆ. ಅವಳು ಗಾಬರಿಯಾದಳು. ನಾನು ಸೋಫಾ ಬಿಟ್ಟು ನೆಲಕ್ಕೆ ಕೂತದ್ದು ಈ ಮೊಣಕಾಲು ನೋವಿಗಾಗಿಯೇ ಎಂದುಕೊಂಡಳು.

"ಅಣ್ಣಾ, ಇಲ್ಲೇ ದೊಡ್ಡ ದವಾಖಾನಿ ಅದ. ನಾ ಹೋಗೂದ್ರೊಳಗ ನಿಮ್ಮ ಮೊಣಕಾಲು ಆಪರೇಶನ್ ಮಾಡಸ್ತೇನಿ. ಎಲ್ಲಾ ನಾ ನೋಡ್ಕೋತೇನಿ. ವೈನಿನೂ ಇಲ್ಲೇ ಕರಸೂಣು. ಆಮ್ಯಾಲ ನನ್ನ ಕಾರಿನ್ಯಾಗ ಊರ ತನಕ ಬಿಡಸ್ತೇನಿ." ಎರಡೂ ಕೈ ಚಾಚಿ ನನ್ನ ತೋಳು ಹಿಡಿದಳು.

ನಾನು ಅವಳ ಕೈ ಬಿಡಿಸಿದೆ. ಈ ಸಲ ಮಾತು ತಿರುಗಾಮುರುಗಾ ಆಗಲಿಲ್ಲ.

"ಬ್ಯಾಡ ತಂಗಿ. ತವರಮನಿ ಕೊಡೂದು ಅದ, ಇಸಗೊಳ್ಳೂದಿಲ್ಲ. ನಮ್ಮ ಮುತ್ತಜ್ಜ ಎಮ್ಮಿ ಬಾಲ ಹಿಡದು ಹೊಳಿ ದಾಟ್ಯಾನ, ನಾ ಬಸ್ಸಿನ ಸರಳ ಹಿಡದು ಊರ ಮುಟ್ಟತೇನಿ. ಕಾರಿನ್ಯಾಗ ಹೋದ್ರ ಬಸ್‌ಸ್ಟ್ಯಾಂಡಿನ್ಯಾಗ ಬೀರಣ್ಣಗ ಸಿಗೂದು ತಪ್ಪತದ, ಈ ವರ್ಷ ಅವಗ ನಾ ಸಿಗಬೇಕಾಗೇದ. ಮೊಣಕಾಲು ನೆಟ್ಟಗಾದ್ರ ನಿಮ್ಮ ವೈನಿ ದಿನಾ ಹಿಟ್ಟಿನ ಗಿರಣಿಗಿ ಕಳಸ್ತಾಳ, ಅವು ಹಿಂಗೇ ಇರ್ಲಿ. ಕೈ ಹಿಡೀಬ್ಯಾಡ, ಈ ಗ್ವಾಡಿ ಹಿಡದು ನಾನೇ ಏಳ್ತೇನಿ. ಜರಾ ಹೊತ್ತ ಹತ್ತತದ. ಅಷ್ಟೊತ್ತು ನೀ ಆ ಕಡಿ ಮಾರಿ ಮಾಡಿ ನಿಂದ್ರು."